ಚರ್ಚಿನ ಬಾಗಿಲು ಮುಚ್ಚಿದಾಗ ವಾಳೆಯೇ ಆಸರೆ

ಚರ್ಚಿನಲ್ಲಿ ಬಲಿಪೂಜೆಗೆ ಜನ ಸೇರುವುದು ನಿಂತ ಕೂಡಲೇ ಎಲ್ಲರ ಗಮನ ನೇರಪ್ರಸಾರದ ಕ್ಯಾಮೆರಾದ ಕಡೆ ಹೋಗುತ್ತದೆ. ಮೊದಲು ಗುರಿಕಾರರನ್ನು, ಅಂದರೆ ವಾಳೆಯ ಮುಖಂಡರನ್ನು, ಕರೆಯಿರಿ ಎನ್ನುತ್ತೇನೆ ನಾನು. ಮಂಗಳೂರು, ಉಡುಪಿಯ ಕಥೊಲಿಕ್ ಚರ್ಚುಗಳಲ್ಲಿ ವಾಳೆಗಳ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪುಗಳ, ವ್ಯವಸ್ಥೆ ಮೊದಲೇ ಇದೆ.

ಪ್ರತಿ ವಾಳೆಯ ಮನೆಗಳ ಪಟ್ಟಿ ಮಾಡಿ. ಒಂಟಿ ಹಿರಿಯರು, ಹಾಸಿಗೆ ಹಿಡಿದವರು, ಮಕ್ಕಳೆಲ್ಲ ಗಲ್ಫಿನಲ್ಲಿರುವ ಮನೆಗಳನ್ನು ಗುರುತು ಹಾಕಿ. ಫೋನು ಮಾಡಿ ವಿಚಾರಿಸಲು ಒಬ್ಬರಿಗೆ ಐದಾರು ಮನೆಗಿಂತ ಹೆಚ್ಚು ವಹಿಸಬೇಡಿ. ಹೆಚ್ಚಾದರೆ ಎರಡನೇ ವಾರಕ್ಕೇ ಫೋನು ನಿಲ್ಲುತ್ತದೆ. ಔಷಧಿ ಇದೆಯೇ, ಊಟವಾಯಿತೇ ಎಂದು ಕೇಳಿದ ಮೇಲೆ ಪ್ರಾರ್ಥನೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಸಂಜೆಯ ತೇರ್ಸವನ್ನು (ಜಪಮಾಲೆ ಪ್ರಾರ್ಥನೆ) ಕಾನ್ಫರೆನ್ಸ್ ಕರೆಯಲ್ಲೇ ಹೇಳಬಹುದು.

ಒಂದೇ ಸಂದೇಶವನ್ನು ಹಲವರಿಗೆ ಬಿಡಿಬಿಡಿಯಾಗಿ ಕಳಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ ಒಂದು ಪಟ್ಟಿಗೆ 256 ಜನರ ಮಿತಿ. ಚರ್ಚಿನ ನಂಬರನ್ನು ಸೇವ್ ಮಾಡಿಕೊಳ್ಳದವರಿಗೆ ಸಂದೇಶ ತಲುಪುವುದೇ ಇಲ್ಲ, ಕಳಿಸಿದವರಿಗೆ ಅದರ ಸೂಚನೆಯೂ ಬರುವುದಿಲ್ಲ. ಸಾವಿನ ಸುದ್ದಿ ಹೀಗೆ ತಪ್ಪಿಹೋಗಬಾರದು.

ನೇರಪ್ರಸಾರದಲ್ಲಿ ಚಿತ್ರಕ್ಕಿಂತ ಧ್ವನಿ ಮುಖ್ಯ. ಮಳೆಗಾಲದಲ್ಲಿ ಹೆಂಚಿನ ಮಾಡಿನ ಸದ್ದು ಫೋನಿನ ಮೈಕಿಗೆ ನುಗ್ಗಿ ಪ್ರವಚನ ಮುಳುಗುತ್ತದೆ. ಚರ್ಚಿನ ಮೈಕುಗಳ ಧ್ವನಿ ಸೇರುವ ಮಿಕ್ಸರಿನಿಂದ ಫೋನಿಗೆ ನೇರ ವೈರು ಎಳೆಯಿರಿ; ಫೋನಿನ ಕಡೆಯ ಪಿನ್ನಿಗೆ ಮೂರು ಕಪ್ಪು ಗೆರೆ ಇರಬೇಕು. ಎರಡೇ ಇದ್ದರೆ ಫೋನು ಅದನ್ನು ಮೈಕೆಂದು ಗುರುತಿಸುವುದಿಲ್ಲ. ಯೂಟ್ಯೂಬ್ ಖಾತೆಯಲ್ಲಿ ಮೊದಲ ಸಲ ಲೈವ್ ಸಕ್ರಿಯವಾಗಲು 24 ಗಂಟೆ ಹಿಡಿಯಬಹುದು, ಶನಿವಾರ ರಾತ್ರಿ ಶುರುಮಾಡಿದರೆ ಭಾನುವಾರ ಬೆಳಗಿನ ಪೂಜೆ ತಪ್ಪೀತು. ಕರೆಂಟು ಹೋದರೂ ನಡೆಯುವಂತೆ ರೂಟರಿಗೆ ಇನ್ವರ್ಟರ್ ಕೊಡಿ.