ಕಾಟಾ ಕೋಣೆಯ ‘ಯೆಸ್’ ಗುಂಡಿ

ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ, ಕಾರಟಗಿಗೆ ಸಮೀಪದ ಒಂದು ಅಕ್ಕಿ ಗಿರಣಿಯ ಕಂಪ್ಯೂಟರುಗಳನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಅಲ್ಲಿಯ ಕಾಟಾ ಕೋಣೆಯಲ್ಲಿ, ಭತ್ತದ ಲಾರಿ ಮತ್ತು ಟ್ರ್ಯಾಕ್ಟರುಗಳ ತೂಕವನ್ನು ದಾಖಲಿಸಿ ಚೀಟಿ ಮುದ್ರಿಸುವ ಹಳೆಯ ತಂತ್ರಾಂಶವೊಂದಿದೆ. ಅದನ್ನು ತೆರೆದಾಗಲೆಲ್ಲ ಪರದೆ ಮಬ್ಬಾಗಿ, ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಬಹುದೇ ಎಂಬ ಪ್ರಶ್ನೆ ಎದುರಾಗುತ್ತಿತ್ತು. ದಿನಕ್ಕೊಮ್ಮೆಯಾದರೆ ಸಹಿಸಬಹುದಿತ್ತು, ಆದರೆ ಕರೆಂಟು ಹೋಗಿ ಬಂದಾಗ, ತೂಕದ ಅಂಕಿ ಪರದೆಯ ಮೇಲೆ ಕದಲದೆ ನಿಂತಾಗ, ಪ್ರಿಂಟರು ಮುನಿಸಿಕೊಂಡಾಗ, ಪ್ರತಿ ಸಲವೂ ಮುಚ್ಚಿ ತೆರೆಯಬೇಕಾಗುತ್ತಿತ್ತು. ಸುಗ್ಗಿಯಲ್ಲಿ ರಸ್ತೆಯವರೆಗೂ ಟ್ರ್ಯಾಕ್ಟರುಗಳು ಸಾಲುಗಟ್ಟಿರುವಾಗ ಈ ಪ್ರಶ್ನೆಗೆ ಯಾರೂ ಗೌರವ ಕೊಡುವುದಿಲ್ಲ. “ದಿನಾ ಕೇಳತೈತ್ರಿ, ದಿನಾ ಯೆಸ್ ಒತ್ತತೀನಿ. ಅದರಾಗ ಓದಾಕ ಏನೈತ್ರಿ ಸರ?” ಎಂದು ಕಾಟಾ ನೋಡಿಕೊಳ್ಳುವ ಹುಡುಗ ಕೇಳಿದಾಗ ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ.

ಉತ್ತರ ಸ್ವಲ್ಪ ದಿನಗಳ ನಂತರ ತಾನಾಗಿಯೇ ಬಂತು. ಯಾರದೋ ಪೆನ್‌ಡ್ರೈವಿನಲ್ಲಿದ್ದ ‘ಡ್ರೈವರ್ ಅಪ್‌ಡೇಟ್’ ಹೆಸರಿನ ಕಡತವೊಂದು ಅದೇ ಪ್ರಶ್ನೆಯನ್ನು ಕೇಳಿತು. ಅಭ್ಯಾಸವಾದ ಕೈ ಅದೇ ಗುಂಡಿಯನ್ನು ಒತ್ತಿತು. ಬ್ರೌಸರಿನ ತುಂಬ ಜಾಹೀರಾತುಗಳು ಸೇರಿಕೊಂಡು, ಅದನ್ನು ಶುಚಿಗೊಳಿಸಲು ನನಗೆ ಒಂದು ಇಡೀ ಭಾನುವಾರ ಹಿಡಿಯಿತು. ಆ ಹುಡುಗನನ್ನು ಬೈಯುವುದು ನ್ಯಾಯವೆಂದು ನನಗೆ ಅನಿಸಲಿಲ್ಲ. ತಿಂಗಳುಗಟ್ಟಲೆ ಓದದೆ ಒತ್ತುವುದನ್ನು ಅವನಿಗೆ ಕಲಿಸಿದ್ದು ನಾವು ಹಾಕಿಕೊಟ್ಟಿದ್ದ ವ್ಯವಸ್ಥೆಯೇ.

ಈ ಪ್ರಶ್ನೆಯ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್. ವಿಂಡೋಸ್ ವಿಸ್ಟಾದೊಂದಿಗೆ ಬಂದ ಇದು ಜನರನ್ನು ಎಷ್ಟು ಕಾಡಿತೆಂದರೆ, 2009ರ ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ನಾಲ್ಕು ಹಂತಗಳ ಜಾರುಪಟ್ಟಿಯೊಂದನ್ನು ಕೊಟ್ಟು ಕಿರಿಕಿರಿಯನ್ನು ತಗ್ಗಿಸಿತು. ಅಡ್ಮಿನಿಸ್ಟ್ರೇಟರ್, ಅಂದರೆ ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರವುಳ್ಳ ಖಾತೆಯಲ್ಲಿ ಲಾಗಿನ್ ಆದರೂ ನಾವು ತೆರೆಯುವ ಪ್ರೋಗ್ರಾಂಗಳು ಸಾಮಾನ್ಯ ಬಳಕೆದಾರನ ಅಧಿಕಾರದಲ್ಲಿಯೇ ನಡೆಯುತ್ತವೆ. ಪೂರ್ಣ ಅಧಿಕಾರ ಬೇಕೆಂದು ಯಾವುದಾದರೂ ಪ್ರೋಗ್ರಾಂ ಕೇಳಿದಾಗ ಮಾತ್ರ ಪರದೆ ಮಬ್ಬಾಗುತ್ತದೆ. ‘ಇದನ್ನು ನಾನು ಬಲ್ಲೆ, ಇನ್ನು ಕೇಳಬೇಡ’ ಎಂದು ಗುರುತು ಹಾಕುವ ಚೌಕ ಅದರಲ್ಲಿಲ್ಲ. ಹಾಗಾಗಿ ಬಹಳ ಮಂದಿ ಜಾರುಪಟ್ಟಿಯನ್ನು ತಳಕ್ಕೆ ಎಳೆದು ಕೈ ತೊಳೆದುಕೊಳ್ಳುತ್ತಾರೆ. ತಳಕ್ಕಿಳಿಸಿದರೆ ತೂಕದ ತಂತ್ರಾಂಶಕ್ಕೆ ಸಿಗುವ ಅನುಮತಿ ಪೆನ್‌ಡ್ರೈವಿನ ಕಡತಕ್ಕೂ ಸಿಗುತ್ತದೆ, ಅದೂ ಸದ್ದಿಲ್ಲದೆ. ಸಾಹುಕಾರರ ಪರಿಚಯಸ್ಥರೊಬ್ಬರು ಈ ಉಪಾಯವನ್ನೇ ಹೇಳಿ ಹೋಗಿದ್ದರು, ನಾನು ಒಪ್ಪಲಿಲ್ಲ.

ಬದಲಿಗೆ, ತೂಕ ಬರೆದುಕೊಳ್ಳುವ ಪ್ರೋಗ್ರಾಂಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಾದರೂ ಏಕೆ ಬೇಕೆಂದು ಹುಡುಕಿದೆ. ಅದರ ಪ್ರಾಪರ್ಟೀಸ್ ತೆರೆದು ಕಂಪ್ಯಾಟಿಬಿಲಿಟಿ ಪುಟಕ್ಕೆ ಹೋದರೆ, ‘ರನ್ ದಿಸ್ ಪ್ರೋಗ್ರಾಂ ಆ್ಯಸ್ ಆ್ಯನ್ ಅಡ್ಮಿನಿಸ್ಟ್ರೇಟರ್’ ಎಂಬಲ್ಲಿ ಯಾರೋ ಗುರುತು ಹಾಕಿದ್ದರು. ಗುರುತು ತೆಗೆದೆ. ಪ್ರಶ್ನೆ ನಿಂತಿತು, ತಂತ್ರಾಂಶ ತೆರೆಯಿತು, ಚೀಟಿಯೂ ಬಂತು. ಇಷ್ಟು ಸುಲಭವೇ ಎಂದು ಸಂತೋಷಪಟ್ಟು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಸಾಹುಕಾರರು ಅದೇ ಕಂಪ್ಯೂಟರಿನಲ್ಲಿ ತಮ್ಮ ಖಾತೆಯಿಂದ ಲಾಗಿನ್ ಆಗಿ ನೋಡಿದರೆ ಹಿಂದಿನ ದಿನದ ಒಂದು ತೂಕವೂ ಇಲ್ಲ. ಹುಡುಗನ ಖಾತೆಯಲ್ಲಿ ನೋಡಿದರೆ ಎಲ್ಲವೂ ಇದೆ. ಭತ್ತದ ಲೆಕ್ಕದಲ್ಲಿ ಇಂತಹ ವ್ಯತ್ಯಾಸ ಕಂಡರೆ ಮೊದಲು ಅನುಮಾನ ಬೀಳುವುದು ಮನುಷ್ಯರ ಮೇಲೆ; ಆ ಒಂದು ಗಂಟೆ ಹುಡುಗನ ಮುಖ ನೋಡಲಾಗಲಿಲ್ಲ. ನಿಜವಾದ ಕಾರಣ ಹೀಗಿತ್ತು: ತೂಕದ ದತ್ತಾಂಶದ ಕಡತ, ತಂತ್ರಾಂಶಗಳನ್ನು ಇಡಲೆಂದೇ ವಿಂಡೋಸ್‌ನಲ್ಲಿರುವ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೇ ಇತ್ತು, ಮತ್ತು ಅಲ್ಲಿ ಸಾಮಾನ್ಯ ಅಧಿಕಾರದ ಪ್ರೋಗ್ರಾಂ ಏನನ್ನೂ ಬರೆಯುವಂತಿಲ್ಲ. ಹಳೆಯ 32 ಬಿಟ್ ಪ್ರೋಗ್ರಾಂಗಳು ಇದರಿಂದ ಕೆಟ್ಟು ನಿಲ್ಲಬಾರದೆಂದು ವಿಂಡೋಸ್ ಅಂತಹ ಬರಹವನ್ನು ಆಯಾ ಬಳಕೆದಾರನ ವರ್ಚುವಲ್ ಸ್ಟೋರ್ ಎಂಬ ಗುಪ್ತ ಜಾಗಕ್ಕೆ ತಿರುಗಿಸಿ, ಅಲ್ಲಿ ಕಡತದ ಬೇರೊಂದು ಪ್ರತಿಯನ್ನು ಬೆಳೆಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಖಾತೆ ಪುಸ್ತಕವಾದಂತೆ.

ಹುಡುಗನ ಪ್ರತಿಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡು, ತಂತ್ರಾಂಶವನ್ನು ತೆಗೆದು, ಡಿ ಡ್ರೈವಿನಲ್ಲಿ ಇಬ್ಬರೂ ಬರೆಯಬಹುದಾದ ಒಂದು ಫೋಲ್ಡರಿನಲ್ಲಿ ಮತ್ತೆ ಹಾಕಿದೆ; ಆ ಕಡತವನ್ನು ಅಲ್ಲಿಗೆ ತಂದಿಟ್ಟೆ. ಅಡ್ಮಿನಿಸ್ಟ್ರೇಟರ್ ಗುರುತು ಬೇಕಾಗಲೇ ಇಲ್ಲ. ತೂಕದ ಯಂತ್ರದ ತಂತಿ ಕಂಪ್ಯೂಟರಿಗೆ ಸೇರುವ ಕಾಮ್ ಪೋರ್ಟಿನಿಂದ ಅಂಕಿಗಳನ್ನು ಓದಲು ಆ ಅಧಿಕಾರ ಮೊದಲಿನಿಂದಲೂ ಬೇಕಿರಲಿಲ್ಲ.

ಗುಮಾಸ್ತರ ಕಂಪ್ಯೂಟರಿನ ಬ್ಯಾಕಪ್ ತಂತ್ರಾಂಶದ ಕಥೆ ಬೇರೆ. ಅದಕ್ಕೆ ಪೂರ್ಣ ಅಧಿಕಾರ ನಿಜವಾಗಿಯೂ ಬೇಕು, ಮತ್ತು ಅವರು ಅದನ್ನು ದಿನಕ್ಕೆ ನಾಲ್ಕೈದು ಸಲ ತೆರೆಯುತ್ತಾರೆ. ಅದಕ್ಕಾಗಿ, ಮೊದಲೇ ರೂಪಿಸಿಟ್ಟ ಕೆಲಸಗಳನ್ನು ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಕೆಲಸವನ್ನು ಸೃಷ್ಟಿಸಿ, ‘ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್’ (ಪೂರ್ಣ ಅಧಿಕಾರದೊಂದಿಗೆ ನಡೆಸು) ಎಂಬುದಕ್ಕೆ ಗುರುತು ಹಾಕಿ, ಆ ಕೆಲಸವನ್ನು ಚಾಲೂ ಮಾಡುವ ಶಾರ್ಟ್‌ಕಟ್ ಒಂದನ್ನು ಡೆಸ್ಕ್‌ಟಾಪಿನಲ್ಲಿಟ್ಟೆ. ಕೆಲಸವನ್ನು ರೂಪಿಸುವಾಗ ಒಮ್ಮೆ ಅನುಮತಿ ಕೊಟ್ಟರೆ ಸಾಕು, ಮುಂದೆ ಪ್ರಶ್ನೆ ಬರುವುದಿಲ್ಲ. ಆದರೆ ಇಲ್ಲಿ ತಂತ್ರಾಂಶವನ್ನು ಪ್ರೋಗ್ರಾಂ ಫೈಲ್ಸ್‌ನಿಂದ ಹೊರಗೆ ತರಲೇಬಾರದು. ಯಾರು ಬೇಕಾದರೂ ಬರೆಯಬಹುದಾದ ಫೋಲ್ಡರಿನಲ್ಲಿ ಅದನ್ನಿಟ್ಟರೆ, ಸಾಮಾನ್ಯ ಅಧಿಕಾರದಲ್ಲಿ ಒಳನುಗ್ಗಿದ ಯಾವುದೋ ಕುತಂತ್ರಾಂಶ ಆ ಕಡತವನ್ನು ತನ್ನದರಿಂದ ಬದಲಿಸಿ, ನಮ್ಮದೇ ಶಾರ್ಟ್‌ಕಟ್ಟಿನ ಮೂಲಕ ಯಾರನ್ನೂ ಕೇಳದೆ ಪೂರ್ಣ ಅಧಿಕಾರ ಪಡೆದುಕೊಳ್ಳಬಹುದು. ಅಂತರ್ಜಾಲದಲ್ಲಿ ಈ ಉಪಾಯವನ್ನು ಹೇಳಿಕೊಡುವವರು ಈ ಮಾತನ್ನು ನುಂಗಿಬಿಡುವುದನ್ನು ಕಂಡು ನನಗೆ ಸಿಟ್ಟು ಬರುತ್ತದೆ.

ಕಾಟಾ ಹುಡುಗನ ಖಾತೆಯನ್ನೂ ಸಾಮಾನ್ಯ ಬಳಕೆದಾರನ ಖಾತೆಯಾಗಿ ಬದಲಿಸಿದ್ದೇನೆ. ಈಗ ಅವನ ಮುಂದೆ ಪ್ರಶ್ನೆ ಬಂದರೆ ಪಾಸ್‌ವರ್ಡ್ ಕೇಳುತ್ತದೆ. ಮೊನ್ನೆ ಬೇಸಿಗೆ ಬೆಳೆಯ ಭತ್ತ ಬರುತ್ತಿದ್ದ ಹೊತ್ತಿನಲ್ಲಿ ಅವನ ಫೋನ್ ಬಂತು. “ಸರ, ಭಾಳ ದಿನಕ್ಕ ಅದು ಬಂದೈತ್ರಿ. ಮ್ಯಾಲೆ ಹಳದಿ ಪಟ್ಟಿ ಐತಿ, ಪಾಸ್‌ವರ್ಡ್ ಕೇಳಾಕತ್ತೈತಿ.” ತಯಾರಕರ ಹೆಸರಿರುವ ಪಬ್ಲಿಷರ್ ಎಂಬ ಸಾಲಿನ ಮುಂದೆ ಏನಿದೆ ನೋಡು ಎಂದೆ. ಹೊರಗೆ ಟ್ರ್ಯಾಕ್ಟರಿನ ಹಾರ್ನ್ ಕೇಳುತ್ತಿದ್ದರೂ ಅವಸರ ಮಾಡದೆ ಅಕ್ಷರ ಬಿಡಿಸಿ ಓದಿದ: “ಯು, ಎನ್, ಕೆ, ಎನ್, ಓ...” ಅವನು ಮುಗಿಸುವ ಮೊದಲೇ ‘ನೋ’ ಒತ್ತು ಎಂದೆ.