ಅರ್ಧ ದಿನದ ಲೆಕ್ಕ

ಹಾಸನದ ಒಂದು ಸೀರೆ ಅಂಗಡಿಯಲ್ಲಿ ನನ್ನದು ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗಿನ ಕೆಲಸ, ದಿನಕ್ಕೆ 240 ರೂಪಾಯಿ. ಗಿರಾಕಿ ಇಲ್ಲ ಅಂತ ಸ್ವಲ್ಪ ಕೂತರೂ ಸಿಸಿಟಿವಿ ನೋಡಿ ಕೆಳಗಿನಿಂದ ಫೋನ್ ಬರೋದು. ನಾಲ್ಕೇ ವರ್ಷಕ್ಕೆ ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಹಗ್ಗ ಹೊಸೆದ ಹಾಗೆ ಎದ್ದವು. ಫೆಬ್ರವರಿಯಲ್ಲಿ ಕಣಕಾಲಿನ ಹತ್ತಿರ ಹುಣ್ಣಾಯಿತು. ವೆರಿಕೋಸ್, ನಿಂತು ಮಾಡೋ ಕೆಲಸ ಬಿಡಿ ಅಂದರು ಡಾಕ್ಟರು.

ಮಾಲೀಕರು ಬಿಳಿ ಹಾಳೆ ಮುಂದಿಟ್ಟು, "ರಾಜೀನಾಮೆ ಬರ್ಕೊಟ್ಬಿಡಮ್ಮ, ವಾಸಿಯಾದ್ಮೇಲೆ ಬಾ" ಅಂದರು. ನಾನು ಪೆನ್ನೂ ತೆಗೆದಿದ್ದೆ. ಕೌಂಟರಿನ ಅಕ್ಕ ಹೊರಗೆ ಕರೆದು, "ತಿಂಗಳು ತಿಂಗಳು 47 ರೂಪಾಯಿ ಇಎಸ್‌ಐಗೆ, ಅದೇ ಕೆಲಸಗಾರರ ಸರ್ಕಾರಿ ವಿಮೆಗೆ, ಹಿಡೀತಾರಲ್ಲ, ಮೊದಲು ಅಲ್ಲಿ ಕೇಳ್ಕೊಂಡು ಬಾ" ಅಂದರು.

ಕಾಯಿಲೆ ರಜೆಗೆ ಇಎಸ್‌ಐನಿಂದ ದುಡ್ಡು ಬರುತ್ತಂತೆ. ಆದರೆ ಫೆಬ್ರವರಿಯ ಕಾಯಿಲೆಗೆ ಹಿಂದಿನ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ನೋಡ್ತಾರಂತೆ, ಅಷ್ಟರಲ್ಲಿ 78 ದಿನದ ವಂತಿಗೆ ಇರಬೇಕಂತೆ. ರಾತ್ರಿ ಹಳೇ ಕ್ಯಾಲೆಂಡರ್ ತೆಗೆದು ಎಣಿಸಿದೆ. ಅಪ್ಪನ ಆಸ್ಪತ್ರೆ, ತಂಗಿ ಬಾಣಂತನ ಕಳೆದು 128. ಅರ್ಧ ದಿನದ ಕೆಲಸ, ಅಂದಮೇಲೆ 64. ಮುಗೀತು ಅಂದುಕೊಂಡೆ.

ಇಎಸ್‌ಐ ಆಫೀಸಿನ ಗುಮಾಸ್ತರು ನಕ್ಕರು. "ಸಂಬಳ ಬಿದ್ದ ದಿನ ಅಂದ್ರೆ ಒಂದು ದಿನ. ಎಷ್ಟು ಗಂಟೆ ಅಂತ ಯಾರೂ ಕೇಳಲ್ಲಮ್ಮ." ಎಣಿಕೆಗೆ ಪೂರ್ತಿ ದಿನ, ದುಡ್ಡು ಮಾತ್ರ ಅರ್ಧ ದಿನದ್ದೇ. 240ಕ್ಕೆ ನೂರಕ್ಕೆ ಎಪ್ಪತ್ತರಂತೆ ದಿನಕ್ಕೆ 168. ಪ್ರೈವೇಟ್ ಡಾಕ್ಟರ ಚೀಟಿ ನಡೆಯಲಿಲ್ಲ, ಇಎಸ್‌ಐ ಡಾಕ್ಟರೇ ನೋಡಿ ವಾರ ವಾರ ಸರ್ಟಿಫಿಕೇಟ್ ಬರೆದರು. "ಆ ಹಾಳೆ ಬರ್ಕೊಡ್ಬೇಡಿ, ಈ ದುಡ್ಡು ತಗೊಳ್ತಿರೋವಾಗ ಕೆಲಸದಿಂದ ತೆಗೆಯೋ ಹಾಗಿಲ್ಲ" ಅಂತಲೂ ಗುಮಾಸ್ತರು ಹೇಳಿಕಳಿಸಿದರು.

ಕೆಲಸ ಬಿಟ್ಟರೆ ಗೃಹಲಕ್ಷ್ಮಿಯೂ ನಿಲ್ಲುತ್ತೆ ಅಂತ ಬೀದಿಯವರು ಬೇರೆ ಹೆದರಿಸಿದ್ದರು. ಆ 2,000 ಬರೋದು ಕಾರ್ಡಿನ ಯಜಮಾನಿ ನಮ್ಮತ್ತೆಗೆ. ನನ್ನ ಕೆಲಸಕ್ಕೂ ಅದಕ್ಕೂ ಏನು ಸಂಬಂಧವೋ!

28 ದಿನದ ರಜೆಯಲ್ಲಿ ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಉಳಿದ 26ಕ್ಕೆ 4,368 ರೂಪಾಯಿ ಪಾಸ್‌ಬುಕ್‌ನಲ್ಲಿ ಬಿದ್ದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಮತ್ತೆ ಹೋಗಿ ನಿಂತೆ, ಹುಣ್ಣು ಬಾಯಿ ಬಿಟ್ಟಿತು. ಮೇನಲ್ಲಿ ನಾನೇ ರಾಜೀನಾಮೆ ಬರೆದೆ. ಆದರೂ ಕಳೆದ ಅಕ್ಟೋಬರ್ ಮೇಲೆ ದುಡಿದ ದಿನಗಳ ಲೆಕ್ಕಕ್ಕೆ ಈ ಡಿಸೆಂಬರ್‌ವರೆಗೆ ಇಎಸ್‌ಐ ಔಷಧಿ ಸಿಗುತ್ತೆ. ಈಗ ದಿಂಬಿನ ಮೇಲೆ ಕಾಲು ಚಾಚಿ ಸೀರೆ ಕುಚ್ಚು ಕಟ್ತೀನಿ. ಅದೇ ಅಂಗಡಿ ಸೀರೆಗಳು.