ಮುಖ್ಯ ನಟಿ ಬರಲ್ವಂತೆ, ಟಿಕೆಟ್ ಬದಲಾಯಿಸೋಣ್ವಾ?

"ಅಕ್ಕಾ, ಇವತ್ತು ಮೇನ್ ಪಾತ್ರದವಳು ಬರಲ್ವಂತೆ. ಬೇರೆ ಯಾರೋ ಮಾಡ್ತಾರಂತೆ. ಇನ್ನೊಂದು ದಿನಕ್ಕೆ ಬದಲಾಯಿಸಿಕೊಳ್ಳೋಣ್ವಾ?"

ಈ ಮೆಸೇಜು ನನಗೆ ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ನಾನಿರುವುದು ಅಮೆರಿಕದ ಕೊಲಂಬಸ್‌ನಲ್ಲಿ. ಇಲ್ಲಿನ ಒಹಾಯೊ ಥಿಯೇಟರಿಗೆ ಮ್ಯೂಸಿಕಲ್‌ಗಳ, ಅಂದರೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ಆಡುವ ಹಾಡು ಕುಣಿತದ ನಾಟಕಗಳ, ಪ್ರವಾಸಿ ತಂಡಗಳು ಬರುತ್ತವೆ. 1928ರಲ್ಲಿ ಸಿನಿಮಾ ತೋರಿಸಲೆಂದು ಕಟ್ಟಿದ ಚೆಂದದ ಕಟ್ಟಡ ಅದು. ತಂಡ ಒಂದೆರಡು ವಾರ ಇದ್ದು, ಸೆಟ್ಟನ್ನೆಲ್ಲ ಲಾರಿಗೆ ತುಂಬಿಕೊಂಡು ಮುಂದಿನ ಊರಿಗೆ ಹೋಗುತ್ತದೆ. ನಾನು ಬಂದದ್ದನ್ನೆಲ್ಲ ನೋಡುತ್ತೇನೆ. ಇಷ್ಟವಾದದ್ದನ್ನು ಎರಡು ಮೂರು ಸಲ ನೋಡುತ್ತೇನೆ. ಹಾಗಾಗಿ ಇಲ್ಲಿನ ಕನ್ನಡದ ಗೆಳೆಯರು ನನ್ನನ್ನೇ ಕೇಳುತ್ತಾರೆ.

ನನ್ನ ಉತ್ತರ: ಬದಲಾಯಿಸಬೇಡಿ, ಹೋಗಿ ನೋಡಿ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಬ್ರಾಡ್‌ವೇಯಲ್ಲಿ ಸ್ಟಾರ್ ನಟರ ಹೆಸರನ್ನು ಪೋಸ್ಟರಿನಲ್ಲಿ ನಾಟಕದ ಹೆಸರಿಗಿಂತ ಮೇಲೆ ಹಾಕಿರುತ್ತಾರೆ. ಅಂಥವರು ಬರದಿದ್ದರೆ ಸಾಮಾನ್ಯವಾಗಿ ಹಣ ವಾಪಸ್ ಕೇಳಬಹುದು. ಪ್ರವಾಸಿ ತಂಡಗಳಲ್ಲಿ ಹಾಗೆ ಹೆಸರು ಹಾಕುವುದು ಕಡಿಮೆ. ಅಲ್ಲಿ ನೀವು ಟಿಕೆಟ್ ಕೊಂಡಿರುವುದು ನಾಟಕಕ್ಕೆ, ಒಬ್ಬ ನಟಿಗಲ್ಲ.

ಇನ್ನು "ಬೇರೆ ಯಾರೋ" ಅಂದರೆ ಯಾರು? ಅಂಡರ್‌ಸ್ಟಡಿ ದಿನಾ ಗುಂಪಿನಲ್ಲಿ ಹಾಡಿ ಕುಣಿಯುತ್ತಾಳೆ, ಜೊತೆಗೆ ದೊಡ್ಡ ಪಾತ್ರವನ್ನೂ ಕಲಿತಿರುತ್ತಾಳೆ. ಸ್ಟ್ಯಾಂಡ್‌ಬೈಗೆ ದಿನದ ಪಾತ್ರ ಇರುವುದಿಲ್ಲ. ಅಗತ್ಯ ಬಿದ್ದರೆ ಇರಲಿ ಅಂತ ಪ್ರತಿ ಆಟಕ್ಕೂ ತಯಾರಾಗಿ ಕಾಯುತ್ತಾಳೆ. ಸ್ವಿಂಗ್ ಅನ್ನುವವರು ಗುಂಪಿನ ಹಲವರ ಜಾಗಗಳನ್ನು ಕಲಿತವರು. ಎಂಟು ಹತ್ತು ಜನರ ಹೆಜ್ಜೆ, ದನಿ, ಓಡಾಟ ಎಲ್ಲ ಒಂದೇ ತಲೆಯಲ್ಲಿ. ರಂಗದ ಅಂಚಿನಲ್ಲಿ ಸಂಖ್ಯೆಗಳನ್ನು ಬರೆದಿರುತ್ತಾರೆ. ಯಾವ ಹಾಡಿನಲ್ಲಿ ಯಾರು ಯಾವ ಸಂಖ್ಯೆಯ ಎದುರು ನಿಲ್ಲಬೇಕು ಅನ್ನುವುದನ್ನು ಸ್ವಿಂಗ್‌ಗಳು ಪುಸ್ತಕ ಮಾಡಿ ಬರೆದಿಟ್ಟುಕೊಳ್ಳುತ್ತಾರೆ. ಒಬ್ಬ ನಾಯಕಿಗೆ ಜ್ವರ ಬಂದರೆ ಅಂಡರ್‌ಸ್ಟಡಿ ಆ ಪಾತ್ರಕ್ಕೆ ಹೋಗುತ್ತಾಳೆ, ಅವಳ ಜಾಗಕ್ಕೆ ಸ್ವಿಂಗ್ ಬರುತ್ತಾಳೆ. ವಾರಕ್ಕೆ ಎಂಟು ಆಟ, ಅದರ ನಡುವೆ ಊರಿಂದೂರಿಗೆ ಪ್ರಯಾಣ. ಇವರಿಲ್ಲದಿದ್ದರೆ ಎಷ್ಟೋ ರಾತ್ರಿ ಪರದೆಯೇ ಏಳುವುದಿಲ್ಲ.

ಇವರ ತಾಲೀಮು ಹೇಗೆ ಗೊತ್ತಾ? ಹೆಚ್ಚಾಗಿ ಮಧ್ಯಾಹ್ನ, ಖಾಲಿ ಸಭಾಂಗಣದಲ್ಲಿ, ಒಂದು ಪಿಯಾನೋ ಇಟ್ಟುಕೊಂಡು. ಪೂರ್ತಿ ವಾದ್ಯಮೇಳ, ಬೆಳಕು, ವೇಷ ಎಲ್ಲ ಒಟ್ಟಿಗೆ ಸಿಗುವುದು ಎಷ್ಟೋ ಸಲ ಪ್ರೇಕ್ಷಕರ ಎದುರಿಗೇ. ಇದು ನೆನಪಾದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ನಾನೂ ಒಮ್ಮೆ ಬೇಜಾರು ಮಾಡಿಕೊಂಡವಳೇ. ಹೊನ್ನಾವರ ಸೀಮೆಯಿಂದ ಅಮ್ಮ ಬಂದಿದ್ದರು. ಅವರಿಗೆ 'ವಿಕೆಡ್' ತೋರಿಸಬೇಕು ಅಂತ ತಿಂಗಳುಗಟ್ಟಲೆ ಮೊದಲೇ ಒಂದು ಮಂಗಳವಾರದ ಟಿಕೆಟ್ ತೆಗೆದಿದ್ದೆ. ಹಸಿರು ಮೈಯ ಹುಡುಗಿ ಎಲ್ಫಬಾಳ ಕಥೆ ಅದು. ಒಳಗೆ ಹೋಗಿ ಪುಸ್ತಿಕೆ ತೆರೆದರೆ ಒಂದು ಬಿಳಿ ಚೀಟಿ. ಇವತ್ತು ಎಲ್ಫಬಾಳ ಪಾತ್ರ ಇವರು ಮಾಡುತ್ತಾರೆ ಅಂತ, ನಾನು ಕೇಳದ ಒಂದು ಹೆಸರು. ನನ್ನ ಮುಖ ಸಣ್ಣಗಾಯಿತು. ಅಮ್ಮನಿಗೆ ಏನೂ ಅನ್ನಿಸಲಿಲ್ಲ.

ಮಧ್ಯಂತರದಲ್ಲಿ ಅವರೇ ಮಾತು ತೆಗೆದರು. "ನಮ್ಮ ಆಟದಲ್ಲೂ ಕೌರವನ ವೇಷದವರು ಬರದಿದ್ರೆ ಬೇರೆಯವರು ವೇಷ ಕಟ್ತಾರೆ. ಆದ್ರೆ ಮಾತು ಆ ಬದಲಿಯವರದ್ದೇ ಇರ್ತದೆ. ಇಲ್ಲಿ ಪಾಪ, ಈ ಹುಡುಗಿಗೆ ಮಾತೂ ಬರೆದುಕೊಟ್ಟಿದ್ದು, ಹೆಜ್ಜೆಯೂ ಹೇಳಿಕೊಟ್ಟಿದ್ದು. ಅಷ್ಟರಲ್ಲೇ ತನ್ನದು ಅಂತ ಏನಾದ್ರೂ ತೋರಿಸಬೇಕಲ್ಲ?"

ಯಕ್ಷಗಾನ ನೋಡಿ ಬೆಳೆದ ಅಮ್ಮನ ಆ ಮಾತು ನನ್ನ ನೋಟವನ್ನೇ ಬದಲಾಯಿಸಿತು. ಯಕ್ಷಗಾನದಲ್ಲಿ ಕಲಾವಿದ ಅರ್ಥವನ್ನು ಅಲ್ಲೇ ಕಟ್ಟುತ್ತಾನೆ. ಮ್ಯೂಸಿಕಲ್‌ನಲ್ಲಿ ಹಾಗಿಲ್ಲ. ಮೊದಲಾರ್ಧದ ಕೊನೆಯಲ್ಲಿ ಎಲ್ಫಬಾ ಹಾಡುತ್ತಾ ಮೇಲಕ್ಕೆ ಏರುತ್ತಾಳೆ. ಯಂತ್ರ ಎತ್ತುವ ಹೊತ್ತಿಗೆ ಅವಳು ಸರಿಯಾದ ಜಾಗದಲ್ಲೇ ನಿಂತಿರಬೇಕು. ಮಾತು, ಹೆಜ್ಜೆ ಬದಲಾಯಿಸುವಂತಿಲ್ಲ, ಸ್ವರವನ್ನೂ ಹೆಚ್ಚು ಬದಲಾಯಿಸುವಂತಿಲ್ಲ. ಹಾಗಿದ್ದರೆ ಇಬ್ಬರು ನಟಿಯರ ನಡುವಿನ ವ್ಯತ್ಯಾಸ ಇರುವುದೆಲ್ಲಿ?

ಅದನ್ನು ನೋಡಲಿಕ್ಕೇ ಭಾನುವಾರ ಮತ್ತೆ ಟಿಕೆಟ್ ತೆಗೆದೆ. ಅಮ್ಮನೂ ಬಂದರು. ಅವತ್ತು ಮುಖ್ಯ ನಟಿ ಇದ್ದಳು.

ನಾಟಕದಲ್ಲಿ ಒಂದು ನೃತ್ಯಕೂಟದ ದೃಶ್ಯ ಇದೆ. ಎಲ್ಫಬಾ ಒಂದು ಕಪ್ಪು ಟೋಪಿ ಹಾಕಿಕೊಂಡು ಬರುತ್ತಾಳೆ. ಎಲ್ಲರೂ ನಗುತ್ತಾರೆ. ಅವಳು ಓಡಿಹೋಗುವುದಿಲ್ಲ, ಒಬ್ಬಳೇ ವಿಚಿತ್ರವಾಗಿ ಕುಣಿಯಲು ಶುರು ಮಾಡುತ್ತಾಳೆ. ಆಗ ಸಂಗೀತ ಇಲ್ಲ, ಮಾತಿಲ್ಲ. ಮಂಗಳವಾರ ನೋಡಿದ ಅಂಡರ್‌ಸ್ಟಡಿ ಕಣ್ಣು ಮುಚ್ಚಿಕೊಂಡು ಕುಣಿದಿದ್ದಳು. ತನ್ನ ಕೋಣೆಯಲ್ಲಿ ಯಾರೂ ನೋಡದಾಗ ಹೀಗೇ ಕುಣಿಯುತ್ತಿದ್ದಳೇನೋ ಅನ್ನುವಂತೆ. ಎಲ್ಫಬಾಳ ಜೊತೆ ಓದುವ ಗ್ಲಿಂಡಾ ಬಂದು ಜೊತೆ ಸೇರಿದಾಗ ಅವಳಿಗೆ ತಕ್ಷಣ ಗೊತ್ತೇ ಆಗಲಿಲ್ಲ. ಕಣ್ಣು ಬಿಟ್ಟವಳು ಬೆಚ್ಚಿದಳು. ಭಾನುವಾರದ ನಟಿ ಕಣ್ಣು ಮುಚ್ಚಲಿಲ್ಲ. ನಗುವವರನ್ನೇ ಒಬ್ಬೊಬ್ಬರಾಗಿ ನೋಡುತ್ತಾ ಕುಣಿದಳು. ಅದು ಹಟ. ಗ್ಲಿಂಡಾ ಬಂದಾಗ ಆ ಹಟ ಮೆಲ್ಲಗೆ ಕರಗಿತು. ಅದೇ ಹೆಜ್ಜೆ, ಅದೇ ಟೋಪಿ. ಒಬ್ಬಳು ಒಂಟಿಯಾಗಿ ಬೆಳೆದವಳು, ಇನ್ನೊಬ್ಬಳು ಜಗಳವಾಡುತ್ತಾ ಬೆಳೆದವಳು. ಎರಡೂ ಎಲ್ಫಬಾಳೇ. ಒಂದೇ ಸಲ ನೋಡಿದ್ದರೆ ಆ ಪಾತ್ರದಲ್ಲಿ ಇಷ್ಟು ಜಾಗ ಇದೆ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ.

ಹಾಗಾಗಿ ಹೋಲಿಸಬೇಡಿ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ಹೋಲಿಸಿ. ಆದರೆ ಅಭಿಮಾನಿಗಳು ಜಾಸ್ತಿ ಹೋಲಿಸುವುದು ಮೇಲಿನ ಸ್ವರಗಳನ್ನು. ಯಾರು ಎಷ್ಟು ಹೊತ್ತು ಹಿಡಿದರು, ಕೊನೆಗೆ ಯಾರು ಹೊಸ ಸಂಗತಿ ಹಾಕಿದರು, ಇದೇ. ಅಲ್ಲಿಗೇ ನಿಂತರೆ ಮೂರು ಗಂಟೆಯ ನಾಟಕದಲ್ಲಿ ಮೂರು ನಿಮಿಷ ಮಾತ್ರ ನೋಡಿದಂತೆ. ಹಾಡು ಶುರುವಾಗುವ ಮೊದಲಿನ ಉಸಿರು ನೋಡಿ. ಎದುರಿನವರು ಮಾತಾಡುವಾಗ ಇವಳೇನು ಮಾಡುತ್ತಾಳೆ ನೋಡಿ.

"ಎರಡನೇ ದರ್ಜೆಯವರು ಅಲ್ವಾ?" ಅನ್ನುವವರಿಗೆ ಕೆಲವು ಸಂಗತಿ ಹೇಳುತ್ತೇನೆ. 'ಫ್ಯಾಂಟಮ್ ಆಫ್ ದಿ ಒಪೆರಾ' 1986ರಲ್ಲಿ ಲಂಡನ್ನಿನಲ್ಲಿ ಶುರುವಾದಾಗಲೇ ಕ್ರಿಸ್ಟೀನ್ ಪಾತ್ರಕ್ಕೆ ಇಬ್ಬರಿದ್ದರು. ಆ ಹಾಡುಗಳನ್ನು ಒಂದೇ ಗಂಟಲು ವಾರಕ್ಕೆ ಎಂಟು ಸಲ ಹಾಡುವುದು ಕಷ್ಟ ಅಂತ ಎರಡು ಆಟಗಳನ್ನು ಇನ್ನೊಬ್ಬಳಿಗೆ ಕೊಟ್ಟಿದ್ದರು. 2015ರ ಜುಲೈನಲ್ಲಿ ಒಬಾಮಾ 'ಹ್ಯಾಮಿಲ್ಟನ್' ನೋಡಲು ಬಂದಾಗ ಮುಖ್ಯ ಪಾತ್ರ ಮಾಡಿದ್ದು ನಾಟಕ ಬರೆದ ಲಿನ್ ಮ್ಯಾನುಯೆಲ್ ಮಿರಾಂಡಾ ಅಲ್ಲ, ಅವರ ಬದಲಿ ನಟ ಹವಿಯೆರ್ ಮುನ್ಯೋಸ್. 2005ರ ಜನವರಿಯಲ್ಲಿ ಬ್ರಾಡ್‌ವೇಯ 'ವಿಕೆಡ್' ಆಟದ ನಡುವೆ ಎಲ್ಫಬಾ ಪಾತ್ರದ ಇಡೀನಾ ಮೆಂಜೆಲ್ ರಂಗದ ನೆಲದಲ್ಲಿದ್ದ ಕಂಡಿಯೊಳಗೆ ಬಿದ್ದು ಪಕ್ಕೆಲುಬಿಗೆ ಪೆಟ್ಟು ಮಾಡಿಕೊಂಡರು. ಸ್ಟ್ಯಾಂಡ್‌ಬೈ ಆಗಿದ್ದ ಶೋಶಾನಾ ಬೀನ್ ಬಂದು ಆಟ ಮುಗಿಸಿದರು.

ನನಗೆ ಎಲ್ಲಕ್ಕಿಂತ ಹತ್ತಿರದ್ದು 2021ರ ಡಿಸೆಂಬರಿನ ಘಟನೆ. 'ದಿ ಮ್ಯೂಸಿಕ್ ಮ್ಯಾನ್' ನಾಟಕದ ನಾಯಕಿ ಸಟನ್ ಫಾಸ್ಟರ್ ಅವರಿಗೆ ಕೋವಿಡ್. ಅವತ್ತು ಕ್ಯಾಥಿ ವಾಯ್ಟ್‌ಕೋ ಎಂಬ ಸ್ವಿಂಗ್ ನಾಯಕಿಯಾದರು. ಆಟ ಮುಗಿದ ಮೇಲೆ ನಾಯಕ ಹ್ಯೂ ಜಾಕ್‌ಮನ್ ಜನರೆದುರು ನಿಂತು ಹೇಳಿದರು. ಕ್ಯಾಥಿ ಮಧ್ಯಾಹ್ನ 12ಕ್ಕೆ ಕೆಲಸಕ್ಕೆ ಬಂದಾಗ ಎಂಟು ಪಾತ್ರಗಳಲ್ಲಿ ಯಾವುದು ಬೇಕಾದರೂ ಸಿಗಬಹುದಿತ್ತು, 1ಕ್ಕೆ ಅವರ ಮೊದಲ ತಾಲೀಮು ನಡೆಯಿತು ಅಂತ. ಅದೇ ಸಟನ್ ಫಾಸ್ಟರ್ ಕೂಡ ಹಿಂದೆ ಅಂಡರ್‌ಸ್ಟಡಿಯಾಗಿದ್ದವರು. ಹಾಗೆ ಸಿಕ್ಕ 'ಥರೋಲಿ ಮಾಡರ್ನ್ ಮಿಲ್ಲಿ'ಯ ಪಾತ್ರಕ್ಕೇ 2002ರಲ್ಲಿ ಅವರಿಗೆ ಬ್ರಾಡ್‌ವೇಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂತು.

ಎಲ್ಲ ಬದಲಿ ನಟರೂ ಅದ್ಭುತ ಅಂತ ನಾನು ಹೇಳುತ್ತಿಲ್ಲ. ದನಿ ನಡುಗಿದ್ದನ್ನೂ, ಮಾತು ತಡವರಿಸಿದ್ದನ್ನೂ ಕೇಳಿದ್ದೇನೆ. ದಿನಾ ಮಾಡುವ ನಟಿಗೆ ಬರುವ ಸಲೀಸುತನ ಅವರಲ್ಲಿ ಕೆಲವೊಮ್ಮೆ ಇರುವುದಿಲ್ಲ. ಆದರೆ ಅಂಥ ರಾತ್ರಿ ರಂಗದ ಮೇಲಿರುವ ಎಲ್ಲರೂ ಒಬ್ಬರನ್ನೊಬ್ಬರು ಜಾಸ್ತಿ ಕಿವಿಗೊಟ್ಟು ಕೇಳುತ್ತಾರೆ. ಆ ಎಚ್ಚರ ನನ್ನ ಸೀಟಿನವರೆಗೂ ಬರುತ್ತದೆ.

ಭಾನುವಾರದ ಆಟದಲ್ಲಿ ಪಚ್ಚೆ ನಗರದ ದೃಶ್ಯ ಬಂತು. ರಂಗದ ತುಂಬ ಹಸಿರು ಬಟ್ಟೆಯ ಜನ, ಹಾಡು, ಗದ್ದಲ. ನಾನು ಎಲ್ಫಬಾಳನ್ನೇ ನೋಡುತ್ತಿದ್ದೆ. ಅಮ್ಮ ನನ್ನ ಮೊಣಕೈ ತಿವಿದರು. "ಅಗೋ ನೋಡೇ, ಹಿಂದಿನ ಸಾಲು, ಎಡಗಡೆಯಿಂದ ಮೂರನೆಯವಳು. ಮಂಗಳವಾರದ ಹುಡುಗಿ!"